ಗೆಳೆಯರ ಆಂಬಿಯೆಂಟ್ ಸಂಗೀತಕ್ಕೆ ಅಭಿಪ್ರಾಯ ಹೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್, ಒಂದು ಜೊತೆ ಹೆಡ್‌ಫೋನ್ ಇಟ್ಟುಕೊಂಡು ಆಂಬಿಯೆಂಟ್ ಸಂಗೀತ ಮಾಡುವವರು ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಇದ್ದಾರೆ. ತಾಳವಿಲ್ಲದೆ, ಪಲ್ಲವಿಯಿಲ್ಲದೆ ಹತ್ತು ನಿಮಿಷ ನಿಧಾನಕ್ಕೆ ಹರಿಯುವ ಈ ಸಂಗೀತಕ್ಕೆ ಏನಂತ ಅಭಿಪ್ರಾಯ ಹೇಳುವುದು ಅನ್ನುವುದೇ ಅನೇಕರಿಗೆ ಗೊತ್ತಾಗುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಒಂದು ಮಾತಿನ ಮೇಲೆ ನಿಂತಿವೆ: ಎಲ್ಲಿ ಏನು ಕೇಳಿಸಿತು ಎಂದು ಕರಾರುವಾಕ್ಕಾಗಿ ಹೇಳುವುದು ಕೇಳುಗರ ಕೆಲಸ, ಏನನ್ನು ಬದಲಿಸಬೇಕು ಎಂಬ ತೀರ್ಮಾನ ಟ್ರ್ಯಾಕ್ ಮಾಡಿದವರದ್ದು.

"ಸೂಪರ್ ಆಗಿದೆ" ಅಂದರೆ ಸಾಲದೇ?

ಸಂತೋಷಕ್ಕೆ ಸಾಕು, ಕೆಲಸಕ್ಕೆ ಸಾಲದು. ಮೂರು ವಾರ ಒಂದೇ ಟ್ರ್ಯಾಕನ್ನು ಕೇಳಿ ಕೇಳಿ ಕಿವಿ ಮರಗಟ್ಟಿದವರಿಗೆ ಯಾವ ಭಾಗ ಉಳಿಸಬೇಕು, ಯಾವುದನ್ನು ಮುಟ್ಟಬೇಕು ಅನ್ನುವುದೇ ಗೊತ್ತಾಗದ ಸ್ಥಿತಿ ಇರುತ್ತದೆ. ಹೊಗಳುವುದಿದ್ದರೂ ಜಾಗ (ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು) ಹೇಳಿ ಹೊಗಳಿ. "3:15ರಲ್ಲಿ ಕೊಳಲು ನಿಂತ ಮೇಲೂ ಅದರ ನೆರಳು ರಿವರ್ಬಿನಲ್ಲಿ (ಸದ್ದಿನ ಅನುರಣನದಲ್ಲಿ) ಉಳಿಯುವುದು ತುಂಬ ಹಿಡಿಸಿತು" ಅಂದರೆ ಮುಂದಿನ ಸಲ ಮಿಕ್ಸ್ ತಿದ್ದುವಾಗ ಆ ಜಾಗವನ್ನು ಅವರು ಕೆಡಿಸುವುದಿಲ್ಲ. ಚೆನ್ನಾಗಿರುವುದನ್ನು ಗುರುತಿಸಿ ಹೇಳದೆ ಬರೀ ಕೊರತೆ ಪಟ್ಟಿ ಮಾಡಿದರೆ, ಎರಡನೇ ಆವೃತ್ತಿಯಲ್ಲಿ ಒಳ್ಳೆಯದೇ ಮೊದಲು ಮಾಯವಾಗುತ್ತದೆ.

ಕೇಳುವ ಮೊದಲು ಅವರನ್ನು ಏನು ವಿಚಾರಿಸಬೇಕು?

ಮೂರು ವಿಷಯ. ಇದು ಯಾವುದಕ್ಕೆ? ಈಗ ಯಾವ ಹಂತದಲ್ಲಿದೆ? ನಿಮಗೆ ಯಾವುದರ ಬಗ್ಗೆ ಅನುಮಾನ ಇದೆ?

ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ರಂಗಶಂಕರದಲ್ಲೋ ಕಲಾಕ್ಷೇತ್ರದಲ್ಲೋ ಆಡುವ ನಾಟಕದ ಹಿನ್ನೆಲೆಗೆ ಮಾಡಿದ್ದರೆ, ನಟರ ಮಾತಿಗೆ ಜಾಗ ಬಿಟ್ಟಿದೆಯೇ ಅಂತ ನೋಡಬೇಕು. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ನಡುವೆ. ಅಲ್ಲಿ ಮಿಣಮಿಣ ಅನ್ನುವ ಗಂಟೆ ಸದ್ದು ತುಂಬಿದ್ದರೆ ಟ್ರ್ಯಾಕ್ ಎಷ್ಟೇ ಚೆಂದವಿರಲಿ, ಹಿಂದಿನ ಸಾಲಿನವರಿಗೆ ಸಂಭಾಷಣೆ ತಿಳಿಯುವುದಿಲ್ಲ. ಅದೇ ಟ್ರ್ಯಾಕ್ ಹೆಡ್‌ಫೋನಿನಲ್ಲಿ ಕೇಳುವ ಆಲ್ಬಮ್‌ಗಾದರೆ ಆ ಗಂಟೆಯೇ ಅದರ ಜೀವ. ಧ್ಯಾನಕ್ಕೋ ಯೋಗ ತರಗತಿಗೋ ಮಾಡಿದ್ದರೆ ಥಟ್ಟನೆ ಎದ್ದು ಬರುವ ಸದ್ದು ದೋಷ. ಕಲಾ ಪ್ರದರ್ಶನದ ಕೋಣೆಯಲ್ಲಿ ಅದೇ ಸದ್ದು ಬೇಕಾಗಿ ಬರಬಹುದು.

ಹಂತವೂ ಗೊತ್ತಿರಲಿ. ಇನ್ನೂ ಕರಡು ಇದ್ದಾಗ ಈಕ್ಯೂ (ಮಂದ್ರ, ತಾರ ಸದ್ದುಗಳ ಪ್ರಮಾಣ ಹೊಂದಿಸುವುದು) ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಬಿಡುಗಡೆಗೆ ಎರಡು ದಿನ ಇದ್ದಾಗ "ನಡುವಿನ ಭಾಗವನ್ನೇ ಬೇರೆ ಮಾಡಿ" ಅನ್ನುವುದು ಕ್ರೌರ್ಯ.

ಫೈಲ್ ಹೇಗೆ ತರಿಸಿಕೊಳ್ಳಬೇಕು?

ವೇವ್ (ಕುಗ್ಗಿಸದ ಧ್ವನಿಯ) ಫೈಲ್ ಆದರೆ ಒಳ್ಳೆಯದು. 48 ಕಿಲೊಹರ್ಟ್ಸ್, 24 ಬಿಟ್ ಸ್ಟೀರಿಯೊ ಫೈಲ್ ನಿಮಿಷಕ್ಕೆ ಸುಮಾರು 17 ಎಂಬಿ ಆಗುತ್ತದೆ. ಎಂಟು ನಿಮಿಷಕ್ಕೆ 138 ಎಂಬಿ. ಅಷ್ಟು ಕಳಿಸಲಾಗದಿದ್ದರೆ 320 ಕೆಬಿಪಿಎಸ್ ಎಂಪಿ3 ಸಾಕು. 128ಕ್ಕೆ ಇಳಿಸಬೇಡಿ ಅನ್ನಿ, ಯಾಕೆಂದರೆ ಅಷ್ಟು ಕುಗ್ಗಿಸಿದಾಗ ಮೊದಲು ಹಾಳಾಗುವುದು ರಿವರ್ಬಿನ ಬಾಲ ಮತ್ತು ಮಳೆ, ಗಾಳಿ, ಎಲೆಯ ಸದ್ದು. ಆಂಬಿಯೆಂಟ್‌ನಲ್ಲಿ ಅವೇ ಮುಖ್ಯ ಸರಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲಿ, ಫೈಲ್ ಇದ್ದ ಹಾಗೇ ತಲುಪುತ್ತದೆ.

ಎಷ್ಟು ಸಲ ಕೇಳಬೇಕು, ಯಾವುದರಲ್ಲಿ ಕೇಳಬೇಕು?

ಕಡಿಮೆಯೆಂದರೆ ಎರಡು ಸಲ ಪೂರ್ತಿ. ಮೊದಲ ಸಲ ನಿಲ್ಲಿಸದೆ, ಬರೆದುಕೊಳ್ಳದೆ, ಮೊಬೈಲ್ ದೂರ ಇಟ್ಟು ಕೇಳಿ. ಹಿಂದಕ್ಕೆ ಮುಂದಕ್ಕೆ ಎಳೆದಾಡಿ ಕೇಳಿದರೆ ಈ ಸಂಗೀತದ ಕಾಲವೇ ಕೈಗೆ ಸಿಗುವುದಿಲ್ಲ; ಆರು ನಿಮಿಷ ಕಾದ ಮೇಲೆ ಬರುವ ಒಂದು ಸ್ವರಕ್ಕೆ ಆ ಕಾಯುವಿಕೆಯೇ ಬೆಲೆ ಕೊಡುವುದು. ಎರಡನೇ ಸಲ ಪೆನ್ನು ಹಿಡಿದು, ನಿಮಿಷ ಸೆಕೆಂಡು ಬರೆದುಕೊಳ್ಳುತ್ತಾ ಕೇಳಿ. ಆಮೇಲೆ ಅನುಮಾನ ಬಂದ ಜಾಗಗಳನ್ನು ಮಾತ್ರ ಇನ್ನೊಂದು ಸ್ಪೀಕರಿನಲ್ಲಿ ಪರೀಕ್ಷಿಸಿ.

ಒಂದು ಕೇಳ್ಮೆ ವೈರ್ ಇರುವ ಹೆಡ್‌ಫೋನಿನಲ್ಲೇ ಆಗಲಿ. ಬ್ಲೂಟೂತ್ ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸುತ್ತದೆ; ಅಲ್ಲಿ ಕೇಳಿಸಿದ ದೋಷ ಟ್ರ್ಯಾಕಿನದ್ದೋ ಹೆಡ್‌ಫೋನಿನದ್ದೋ ಹೇಳಲಾಗದು. ಫೋನಿನ ಸ್ಪೀಕರ್ ಸುಮಾರು 200–300 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಹಾಗಾಗಿ "ಬೇಸ್ ಇಲ್ಲ" ಅನ್ನುವ ಮಾತು ಫೋನ್ ನಂಬಿ ಬರಬಾರದು. ಆದರೆ ಫೋನಿನಲ್ಲಿ ಟ್ರ್ಯಾಕ್ ಪೂರ್ತಿ ಮಾಯವಾದರೆ ಅದು ಹೇಳಬೇಕಾದ ಸಂಗತಿಯೇ: ಎಲ್ಲ ಸದ್ದೂ ಮಂದ್ರದಲ್ಲೇ ಕೂತಿದೆ ಎಂದರ್ಥ.

ಹೊತ್ತನ್ನೂ ನೋಡಿಕೊಳ್ಳಿ. ಔಟರ್ ರಿಂಗ್ ರೋಡಿನ ಪಕ್ಕದ ಮನೆಯಲ್ಲಿ ಸಂಜೆ ಏಳಕ್ಕೆ, ಫ್ಯಾನ್ ಹಾಕಿಕೊಂಡು ಕೇಳಿದರೆ ಮೆಲ್ಲನೆಯ ಪದರಗಳು ಕಿವಿಗೆ ಬೀಳುವುದೇ ಇಲ್ಲ. ರಾತ್ರಿ ಹನ್ನೊಂದರ ನಂತರ ಅಥವಾ ಬೆಳಗಿನ ಜಾವ, ಫ್ಯಾನ್ ಆರಿಸಿ ಕೇಳಿ. ವಾಲ್ಯೂಮ್ ತೀರ ಕಡಿಮೆ ಇಟ್ಟರೂ ಮೋಸ: ಸದ್ದು ತಗ್ಗಿದಾಗ ನಮ್ಮ ಕಿವಿಗೆ ಮಂದ್ರ ಸ್ವರಗಳು ಉಳಿದವುಗಳಿಗಿಂತ ಬೇಗ ಕ್ಷೀಣಿಸುತ್ತವೆ.

ಏನೂ ಆಗುತ್ತಿಲ್ಲ, ಬೇಜಾರಾಯಿತು. ಹಾಗಂತ ಹೇಳಬಹುದೇ?

ಹೇಳಬಹುದು, ಆದರೆ ಯಾವಾಗಿನಿಂದ ಅಂತ ಹೇಳಿ. "ಬೋರ್" ಅನ್ನುವುದು ತೀರ್ಪು. "4:10ರ ಹೊತ್ತಿಗೆ ನನ್ನ ಗಮನ ಬೇರೆ ಕಡೆ ಹೋಯಿತು, 6:00ರಲ್ಲಿ ಗಂಟೆಯ ಸದ್ದು ಕೇಳಿಸಿದಾಗ ವಾಪಸ್ ಬಂತು" ಅನ್ನುವುದು ಮಾಹಿತಿ. ಗಮನ ಚದುರುವುದು ಎಲ್ಲ ಸಲ ದೋಷವಲ್ಲ. ಕೆಲವರು ಅದಕ್ಕೇ ಮಾಡುತ್ತಾರೆ. ಅದನ್ನು ತೀರ್ಮಾನಿಸುವುದು ಅವರು.

ಗಮನ ಹೋದ ಜಾಗದಲ್ಲಿ ಕಾರಣ ಹುಡುಕಿ. ಮೊದಲು ನೋಡಬೇಕಾದ್ದು ಲೂಪ್ (ಮತ್ತೆ ಮತ್ತೆ ಮರುಕಳಿಸುವ ತುಣುಕು) ಉದ್ದ. 16 ಸೆಕೆಂಡಿನ ಒಂದು ಲೂಪ್, 24 ಸೆಕೆಂಡಿನ ಇನ್ನೊಂದು ಲೂಪ್ ಜೊತೆಗಿಟ್ಟರೆ ಪ್ರತಿ 48 ಸೆಕೆಂಡಿಗೆ ಎರಡೂ ಒಟ್ಟಿಗೆ ಶುರುವಾಗುತ್ತವೆ. ಎಂಟು ನಿಮಿಷದಲ್ಲಿ ಅದೇ ಜೋಡಣೆ ಹತ್ತು ಸಲ ಬಂದ ಹಾಗಾಯಿತು; ಮೂರನೇ ಸುತ್ತಿಗೆ ಕಿವಿ ಮುಂದೆ ಬರುವುದನ್ನು ಊಹಿಸಲು ಶುರುಮಾಡುತ್ತದೆ. 17 ಮತ್ತು 23 ಸೆಕೆಂಡಿನ ಲೂಪ್ ಇಟ್ಟರೆ ಅವು ಮತ್ತೆ ಒಟ್ಟಾಗುವುದು 391 ಸೆಕೆಂಡಿಗೆ, ಅಂದರೆ 6 ನಿಮಿಷ 31 ಸೆಕೆಂಡಿಗೆ. ಒಂದು ಸ್ವರವನ್ನೂ ಹೊಸದಾಗಿ ನುಡಿಸದೆ ಟ್ರ್ಯಾಕ್ ಜೀವಂತವಾಗುತ್ತದೆ. ಹಾಗಾಗಿ "ಲೂಪ್‌ಗಳ ಉದ್ದ ಎಷ್ಟೆಷ್ಟು?" ಅಂತ ಕೇಳಿ.

ಎರಡನೇ ಕಾರಣ ಬಣ್ಣ ಬದಲಾಗದಿರುವುದು. ಸ್ವರ ಒಂದೇ ಇರಲಿ, ಫಿಲ್ಟರ್ (ಸದ್ದಿನ ಒಂದು ಭಾಗವನ್ನು ತಡೆಯುವ ಸಾಧನ) ಎರಡು ನಿಮಿಷದಲ್ಲಿ ನಿಧಾನಕ್ಕೆ ತೆರೆದುಕೊಂಡರೂ ಸಾಕು, ಕಿವಿ ಹಿಂಬಾಲಿಸುತ್ತದೆ. ಮೂರನೆಯದು ಇದರ ತದ್ವಿರುದ್ಧ: ಪದರಗಳು ತುಂಬಾ ಆಗಿ, ಎಲ್ಲವೂ ಒಂದೇ ಮಟ್ಟದಲ್ಲಿ ಸದಾ ಕದಲುತ್ತಿರುವುದು. ಆಗ ಯಾವುದೂ ಘಟನೆಯಾಗಿ ಕೇಳಿಸುವುದಿಲ್ಲ. ಅಂಥ ಕಡೆ "ಇನ್ನೂ ಏನಾದರೂ ಸೇರಿಸಿ" ಅಂತ ಹೇಳಿದರೆ ರೋಗಕ್ಕೆ ತಪ್ಪು ಮದ್ದು ಕೊಟ್ಟಂತೆ. ಅವರ ಬಳಿ ಒಂದು ಪ್ರಯೋಗ ಮಾಡಿಸಿ: ಒಂದೊಂದೇ ಪದರ ಮ್ಯೂಟ್ ಮಾಡುತ್ತಾ ಹೋಗಲಿ, ಯಾವುದನ್ನು ತೆಗೆದರೂ ವ್ಯತ್ಯಾಸ ಗೊತ್ತಾಗಲಿಲ್ಲವೋ ಅದು ಬೇಡ.

ಎಲ್ಲ ಕಲಸಿಹೋಗಿ ಮಂಕಾಗಿ ಕೇಳಿಸುತ್ತದೆ. ಏನೆಂದು ಹೇಳಲಿ?

"ಮಂಕು" ಅಂದ ಮೇಲೆ ಎಲ್ಲಿ, ಯಾವ ಎರಡು ಸದ್ದುಗಳ ನಡುವೆ ಅಂತ ಸೇರಿಸಿ. ಸಾಮಾನ್ಯವಾಗಿ 200ರಿಂದ 500 ಹರ್ಟ್ಸ್ ನಡುವೆ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಕೀಬೋರ್ಡ್ ಸದ್ದು), ರಿವರ್ಬ್, ರೆಕಾರ್ಡಿಂಗಿನ ಗಿಜಿಗಿಜಿ ಮೂರೂ ಒತ್ತಿಕೊಂಡಿರುತ್ತವೆ. ಪರಿಹಾರ ಕೇಳಿದರೆ ಮಾತ್ರ ಹೇಳಿ: ರಿವರ್ಬಿಗೇ ಒಂದು ಈಕ್ಯೂ ಹಾಕಿ 250 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸುವುದು, ಪ್ರಿ-ಡಿಲೇ (ಮೂಲ ಸದ್ದಿಗೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಅಂತರ) 30ರಿಂದ 60 ಮಿಲಿಸೆಕೆಂಡ್ ಇಟ್ಟು ಮೂಲ ಸದ್ದಿನ ಮೊನೆಯನ್ನು ಬಿಡಿಸಿಕೊಡುವುದು.

ಇನ್ನೊಂದು ಕಾರಣವನ್ನು ಬಹಳ ಮಂದಿ ಗಮನಿಸುವುದಿಲ್ಲ. ಸ್ವರಗುಚ್ಛ ಆರು ಸೆಕೆಂಡಿಗೊಮ್ಮೆ ಬದಲಾಗುತ್ತಿದ್ದು, ರಿವರ್ಬ್ ಹನ್ನೆರಡು ಸೆಕೆಂಡ್ ಉಳಿಯುವುದಾದರೆ, ಹಳೆಯ ಸ್ವರ ಸಾಯುವ ಹೊತ್ತಿಗೆ ಎರಡು ಹೊಸವು ಬಂದು ಸೇರುತ್ತವೆ. ಅದು ಈಕ್ಯೂನಿಂದ ಸರಿಹೋಗುವ ಮಂಕಲ್ಲ. ಒಂದೋ ರಿವರ್ಬ್ ಮೊಟಕಾಗಬೇಕು, ಇಲ್ಲವೇ ಸ್ವರಗಳು ನಿಧಾನವಾಗಬೇಕು.

ತಂಬೂರಿ, ಕೊಳಲು, ವೀಣೆಯ ಜೊತೆ ಪ್ಯಾಡ್ ಇಟ್ಟಾಗ ಏನೋ ಅಪಸ್ವರ ಅನಿಸುತ್ತದೆ. ನನ್ನ ಕಿವಿಯದೇ ತಪ್ಪಾ?

ಕಿವಿ ಸರಿಯೇ ಇರಬಹುದು. ಕರ್ನಾಟಕ ಸಂಗೀತ ಕಲಿತವರು ಹೆಚ್ಚಿರುವ ಊರಿದು, ಈ ದೂರು ಬರುವುದು ಸಹಜ. ಷಡ್ಜ 220 ಹರ್ಟ್ಸ್ ಅಂತಿಟ್ಟುಕೊಳ್ಳಿ. ತಂಬೂರಿಯ ನಾದಕ್ಕೆ ಹೊಂದಿಸಿ ಹಿಡಿದ ಅಂತರ ಗಾಂಧಾರ 275 ಹರ್ಟ್ಸ್. ಕೀಬೋರ್ಡಿನ ಗಾಂಧಾರ ಸುಮಾರು 277.2. ಕೊಳಲಿನವರು ಮೊದಲನೆಯದನ್ನು ಹಿಡಿದು ನಿಂತಾಗ ಪ್ಯಾಡ್ ಎರಡನೆಯದನ್ನು ನುಡಿಸಿದರೆ ಸೆಕೆಂಡಿಗೆ ಎರಡು ಸಲ ಅಲೆ ಎದ್ದ ಹಾಗೆ ಸದ್ದು ನಡುಗುತ್ತದೆ. ಪಂಚಮದಲ್ಲಿ ಈ ತೊಂದರೆ ಇಲ್ಲ ಅನ್ನುವಷ್ಟು ಕಡಿಮೆ: 330 ಮತ್ತು 329.6, ಎರಡೂವರೆ ಸೆಕೆಂಡಿಗೂ ಹೆಚ್ಚು ಹೊತ್ತಿಗೆ ಒಂದು ಅಲೆ, ಅದು ಕಿವಿಗೆ ಹಿತವೇ.

ಹಾಗಾಗಿ "ಶ್ರುತಿ ಸರಿಯಿಲ್ಲ" ಅಂತ ಒಟ್ಟಾರೆ ಹೇಳಬೇಡಿ. ಅವರು ಟ್ಯೂನರ್ ಇಟ್ಟು ನೋಡಿ, ಸರಿಯಿದೆ ಅಂತ ನಿಮ್ಮ ಮಾತನ್ನೇ ತಳ್ಳಿಹಾಕುತ್ತಾರೆ. "2:48ರಲ್ಲಿ ಕೊಳಲು ಗಾಂಧಾರದಲ್ಲಿ ನಿಂತಾಗ ಪ್ಯಾಡ್ ಜೊತೆ ನಡುಕ ಕೇಳಿಸಿತು" ಅನ್ನಿ. ಪ್ಯಾಡಿನ ಗಾಂಧಾರವನ್ನು 14 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಇಳಿಸಬಹುದು. ಅದಕ್ಕಿಂತ ಸರಳ ದಾರಿ, ಪ್ಯಾಡಿನಲ್ಲಿ ಸ-ಪ ಮಾತ್ರ ಉಳಿಸಿ ಗಾಂಧಾರವನ್ನು ಕೊಳಲಿಗೇ ಬಿಟ್ಟುಕೊಡುವುದು.

ಕಬ್ಬನ್ ಪಾರ್ಕಿನ ಹಕ್ಕಿ, ಕೆ.ಆರ್. ಮಾರ್ಕೆಟ್ಟಿನ ಗದ್ದಲ, ಮಳೆ: ಇಂಥ ರೆಕಾರ್ಡಿಂಗ್ ಸೇರಿಸಿದ್ದರೆ ಏನು ಗಮನಿಸಬೇಕು?

ಮೊದಲು, ಒಂದೇ ಘಟನೆ ಮರುಕಳಿಸುತ್ತಿದೆಯೇ ನೋಡಿ. 40 ಸೆಕೆಂಡಿನ ಮಳೆಯ ಲೂಪ್ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ 40 ಸೆಕೆಂಡಿನಲ್ಲಿ ಕೋಗಿಲೆ ಒಂದು ಸಲ ಕೂಗಿದ್ದರೆ, ಎರಡನೇ ಸಲ ಅದೇ ಕೂಗು ಬಂದಾಗಲೇ ಗುಟ್ಟು ರಟ್ಟು. ಆಟೋ ಹಾರ್ನ್, ಕೆಮ್ಮು, ಗೇಟ್ ಕಿರ್ರೆನ್ನುವುದು, ಕಸದ ಗಾಡಿಯ ಹಾಡು ಎಲ್ಲವೂ ಹೀಗೇ.

ಎರಡು, ಹಮ್, ಅಂದರೆ ವಿದ್ಯುತ್ತಿನಿಂದ ಬರುವ ಗುಂಯ್ ಸದ್ದು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಮನೆಯಲ್ಲಿ ಮಾಡಿದ ರೆಕಾರ್ಡಿಂಗಿನ ಹಮ್ 50, 100, 150ರಲ್ಲಿ ಇರುತ್ತದೆ. ಅಮೆರಿಕದ ಸ್ಯಾಂಪಲ್ ಪ್ಯಾಕಿನಿಂದ ಬಂದದ್ದಾದರೆ 60, 120. ಸ್ಪೆಕ್ಟ್ರಮ್ (ಯಾವ ಹರ್ಟ್ಸ್ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ) ನೋಡಲು ಬರುವವರು ಈ ವ್ಯತ್ಯಾಸ ತಿಳಿಸಿದರೆ ಯಾವ ಟ್ರ್ಯಾಕಿನಲ್ಲಿ ಹುಡುಕಬೇಕು ಅನ್ನುವುದು ಅವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಿದ್ದರೆ ಗುಂಯ್‌ಗುಡುವ ಸದ್ದು ಇನ್ನೂ ಮೇಲಿನವರೆಗೆ ಹಬ್ಬಿರುತ್ತದೆ, ಆಗ ಫಿಲ್ಟರ್ ಹಾಕುವುದಕ್ಕಿಂತ ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಮತ್ತೆ ರೆಕಾರ್ಡ್ ಮಾಡುವುದೇ ವಾಸಿ.

ದೂರದ ಟ್ರಾಫಿಕ್ಕಿನ ಗುಡುಗುಡು 100 ಹರ್ಟ್ಸ್ ಕೆಳಗೆ ಕೂತು ಇಡೀ ಮಿಕ್ಸಿನ ಜಾಗ ತಿನ್ನುತ್ತದೆ, ಹಕ್ಕಿಗೆ ಅದರಿಂದ ಲಾಭವೇನಿಲ್ಲ. ಮೈಕಿಗೆ ಗಾಳಿ ಹೊಡೆದ ಬುಸ್ ಬುಸ್ ಕೂಡ ಅಲ್ಲೇ. 80–100 ಹರ್ಟ್ಸ್ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನದ್ದನ್ನು ಕತ್ತರಿಸುವಂಥದ್ದು) ಹಾಕಿದರೆ ಬಹುಪಾಲು ಹೋಗುತ್ತದೆ.

ಗುರುತು ಹಿಡಿಯಬಲ್ಲ ಯಾರದಾದರೂ ಮಾತು ಸ್ಪಷ್ಟವಾಗಿ ಕೇಳಿಸಿದರೆ ಅದನ್ನೂ ತಿಳಿಸಿ. ಬಸ್ ಸ್ಟಾಪಿನಲ್ಲಿ ಯಾರೋ ಫೋನಿನಲ್ಲಿ ಮನೆ ವಿಷಯ ಮಾತಾಡಿದ್ದು ಆಲ್ಬಮ್‌ನಲ್ಲಿ ಉಳಿಯಬಾರದು.

ಸೌಂಡ್ ಕಡಿಮೆ ಇದೆ ಅನಿಸಿದರೆ?

ಮೊದಲು ನಿಮ್ಮ ವಾಲ್ಯೂಮ್ ಏರಿಸಿ, ಆಮೇಲೆ ಅಭಿಪ್ರಾಯ ಹೇಳಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ನಂಬುತ್ತದೆ. ಎರಡು ಆವೃತ್ತಿ ಹೋಲಿಸುವಾಗ ಒಂದು ಡೆಸಿಬೆಲ್ ವ್ಯತ್ಯಾಸವಿದ್ದರೂ ತೀರ್ಪು ವಾಲುತ್ತದೆ. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗಿನಲ್ಲಿ ಎಲ್ಲವನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತ, ಆಪಲ್ ಮ್ಯೂಸಿಕ್ ಮೈನಸ್ 16ರ ಸುತ್ತ ಹೊಂದಿಸುತ್ತದೆ (ಎಲ್‌ಯುಎಫ್‌ಎಸ್ ಅಂದರೆ ಟ್ರ್ಯಾಕ್ ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ). ಆಂಬಿಯೆಂಟ್ ಟ್ರ್ಯಾಕ್ ಮೈನಸ್ 18ರಲ್ಲೋ 20ರಲ್ಲೋ ಇದ್ದರೆ ಅದು ತಪ್ಪಲ್ಲ. ಲಿಮಿಟರ್‌ನಿಂದ ಒತ್ತಿ ಜೋರು ಮಾಡಿದಾಗ ಹಿಂದಿದ್ದ ಹಿಸ್ಸೆಂಬ ಸದ್ದು ಮುಂದೆ ಬರುತ್ತದೆ, ಮೌನ ಮೌನವಾಗಿ ಉಳಿಯುವುದಿಲ್ಲ.

ತಪ್ಪು ಯಾವುದು, ರುಚಿ ಯಾವುದು ಅಂತ ಹೇಗೆ ಬೇರ್ಪಡಿಸುವುದು?

ಲೂಪ್ ಕೂಡುವಲ್ಲಿ ಟಿಕ್ ಅನ್ನುವುದು, ಸದ್ದು ಒಡೆಯುವುದು, ಮೊನೊದಲ್ಲಿ ಕೇಳಿದರೆ ಪ್ಯಾಡ್ ಮಾಯವಾಗುವುದು, ಹಮ್: ಇವು ತಪ್ಪು. ನೇರವಾಗಿ, ಸಮಯ ಸಮೇತ ಹೇಳಿ, ಮೆತ್ತಗೆ ಮಾಡುವ ಅಗತ್ಯವಿಲ್ಲ. ಮೊನೊ ವಿಷಯವನ್ನು ಮರೆಯಬೇಡಿ. ಒಂದೇ ಸದ್ದನ್ನು ಒಂದು ಕಿವಿಗೆ 10–30 ಮಿಲಿಸೆಕೆಂಡ್ ತಡವಾಗಿ ಕಳಿಸಿ ಅಗಲ ಮಾಡಿದ್ದರೆ, ಎರಡೂ ಚಾನೆಲ್ ಸೇರಿದಾಗ ಕೆಲವು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಉದ್ದ, ವೇಗ, ಕತ್ತಲು-ಬೆಳಕಿನ ಭಾವ, ತಾಳ ಇಲ್ಲದಿರುವುದು ಇವೆಲ್ಲ ರುಚಿ. ಅವುಗಳ ಬಗ್ಗೆ "ನನಗೆ" ಅಂತ ಶುರುಮಾಡಿ ಹೇಳಿ. "ಒಂದು ಬೀಟ್ ಹಾಕಿದ್ದರೆ ಚೆನ್ನಾಗಿರುತ್ತಿತ್ತು" ಅನ್ನುವುದು ಅಭಿಪ್ರಾಯವೇ ಅಲ್ಲ, ಬೇರೆ ಸಂಗೀತ ಬೇಕೆಂಬ ಬೇಡಿಕೆ.

ಒಂದು ಮಾದರಿ ತೋರಿಸಿ.

ಶೀಟಿನ ಮೇಲೆ ಬೀಳುವ ಮಳೆ, ವೀಣೆ, ಪ್ಯಾಡ್ ಇರುವ ಎಂಟೂವರೆ ನಿಮಿಷದ ಟ್ರ್ಯಾಕಿಗೆ:

"ಎರಡು ಸಲ ಪೂರ್ತಿ ಕೇಳಿದೆ. ರಾತ್ರಿ ವೈರ್ ಹೆಡ್‌ಫೋನಿನಲ್ಲಿ, ಬೆಳಗ್ಗೆ ಸಣ್ಣ ಸ್ಪೀಕರಿನಲ್ಲಿ. 2:10ರವರೆಗೆ ಮಳೆ ಮಾತ್ರ ಇರುವ ಭಾಗ, ಹನಿ ಎಡಗಡೆಯಿಂದ ದಟ್ಟವಾಗುತ್ತಾ ಬರುವುದು ತುಂಬ ಇಷ್ಟವಾಯಿತು, ಅದನ್ನು ಮುಟ್ಟಬೇಡಿ. 2:10ಕ್ಕೆ ವೀಣೆಯ ಮೊದಲ ಮೀಟು ಬಂದ ತಕ್ಷಣ ಮಳೆ ಹಿಂದೆ ಸರಿದ ಹಾಗೆ ಕೇಳಿಸಿತು. ಬೇಕೆಂದೇ ಮಾಡಿದ್ದೋ, ಕಂಪ್ರೆಸರ್ ಎಳೆಯುತ್ತಿದೆಯೋ? 4:35ರಿಂದ 5:20ರವರೆಗೆ ಮಂದ್ರದ ಮೀಟುಗಳು ಪ್ಯಾಡಿನಲ್ಲಿ ಮುಳುಗಿದವು. ಸಣ್ಣ ಸ್ಪೀಕರಿನಲ್ಲಿ ಈ ತೊಂದರೆ ಇರಲಿಲ್ಲ, ಆದ್ದರಿಂದ ಕೆಳಗಿನ ಸದ್ದುಗಳ ಒತ್ತಡ ಇರಬಹುದು. 6:02ಕ್ಕೆ ಬಲಗಿವಿಯಲ್ಲಿ ಒಂದು ಟಿಕ್. ಕೊನೆಯಲ್ಲಿ ರಿವರ್ಬ್ ಇನ್ನೂ ಉಳಿದಿರುವಾಗಲೇ ಫೈಲ್ ಕತ್ತರಿಸಿದೆ, ಎಕ್ಸ್‌ಪೋರ್ಟ್ ಮಾಡುವಾಗ ಹತ್ತು ಹದಿನೈದು ಸೆಕೆಂಡ್ ಹೆಚ್ಚು ಬಿಡಿ."

ಸಣ್ಣ ಸ್ಪೀಕರಿನ ಮಾತು ಅಲ್ಲಿ ಸುಮ್ಮನೆ ಬಂದಿಲ್ಲ. ಎರಡು ಕಡೆ ಕೇಳಿದ ವ್ಯತ್ಯಾಸವೇ ದೋಷ ಎಲ್ಲಿದೆ ಅನ್ನುವುದಕ್ಕೆ ಸುಳಿವು. ಕಂಪ್ರೆಸರ್ (ಜೋರು ಸದ್ದು ಬಂದಾಗ ತಾನಾಗಿ ವಾಲ್ಯೂಮ್ ತಗ್ಗಿಸುವ ಸಾಧನ) ಬಗ್ಗೆ ಪ್ರಶ್ನೆಯಾಗಿಯೇ ಕೇಳಿದೆ, ಯಾಕೆಂದರೆ ಅದು ಉದ್ದೇಶವೂ ಆಗಿರಬಹುದು. ಟಿಕ್ ಬಗ್ಗೆ ಪ್ರಶ್ನೆ ಇಲ್ಲ.

ಎಷ್ಟು ಅಂಶ ಹೇಳಬಹುದು?

ಮಾದರಿಯಲ್ಲಿರುವಷ್ಟೇ, ನಾಲ್ಕೈದು. ಇಪ್ಪತ್ತು ಬರೆದುಕೊಂಡಿದ್ದರೆ ದೊಡ್ಡದನ್ನು ಆರಿಸಿ. ದೊಡ್ಡದು ಸರಿಹೋದಾಗ ಚಿಕ್ಕವು ಎಷ್ಟೋ ತಾವಾಗಿಯೇ ಹೋಗುತ್ತವೆ.

ನನಗೆ ಮಿಕ್ಸಿಂಗ್ ಗೊತ್ತಿಲ್ಲ. ಮಾತಾಡುವ ಹಕ್ಕು ಇದೆಯೇ?

ಖಂಡಿತ. ತಾಂತ್ರಿಕ ಪದ ಬಳಸಲೇಬೇಡಿ. "ಇಲ್ಲಿ ಕಿವಿಗೆ ಚುಚ್ಚಿತು", "ಇಲ್ಲಿ ಎದೆ ಮೇಲೆ ಭಾರ ಇಟ್ಟ ಹಾಗಾಯಿತು", "ಇಲ್ಲಿ ವಾಲ್ಯೂಮ್ ಕಡಿಮೆ ಮಾಡಬೇಕು ಅನಿಸಿತು" ಅಂತ ಸಮಯ ಸಮೇತ ಹೇಳಿದರೆ, ಅರೆಬರೆ ಗೊತ್ತಿದ್ದು "3 ಡಿಬಿ ಕಟ್ ಮಾಡಿ" ಅನ್ನುವುದಕ್ಕಿಂತ ಎಷ್ಟೋ ಮೇಲು.

ಹಿರಿಯ ವಿದ್ವಾಂಸರು ಕೇಳಿದರೆ ಹೇಗೆ ಹೇಳುವುದು?

ಹೇಳುವ ಸಂಗತಿ ಬದಲಾಗಬಾರದು, ಹೇಳುವ ಬಗೆ ಬದಲಾಗಲಿ. ಜೊತೆಯವನಿಗೆ "ಮಗಾ, 3:40ರಲ್ಲಿ ಕೊಳಲಿನ ಉಸಿರು ಜಾಸ್ತಿ ಕೇಳಿಸ್ತಿದೆ, ಬೇಕು ಅಂತಾನೇ ಬಿಟ್ಟಿದೀಯಾ?" ಅನ್ನುವುದನ್ನೇ "ಸರ್, 3:40ರಲ್ಲಿ ಕೊಳಲಿನ ಉಸಿರು ಸ್ವಲ್ಪ ಮುಂದೆ ಬಂದ ಹಾಗೆ ಕೇಳಿಸಿತು, ತಾವು ಬೇಕೆಂದೇ ಉಳಿಸಿದ್ದೀರಾ?" ಅನ್ನಿ. "ನಿಮ್ಮ ಮುಂದೆ ನಾನೆಷ್ಟರವನು" ಅಂತ ಜಾರಿಕೊಳ್ಳುವುದು ಗೌರವವಲ್ಲ. ಅವರು ಕೇಳಿದ್ದೇ ನಿಮ್ಮ ಕಿವಿಯ ಮೇಲೆ ನಂಬಿಕೆಯಿಟ್ಟು. ನಾಲ್ಕು ಜನರ ಮುಂದೆ ಬೇಡ, ಒಬ್ಬರೇ ಇದ್ದಾಗ ಹೇಳಿ.

ಹೇಳಿದ್ದಕ್ಕೆ ಅವರು ಒಪ್ಪದಿದ್ದರೆ?

ಒಂದು ಸಲ ಜಾಗ ತೋರಿಸಿ ಸುಮ್ಮನಾಗಿ. ಇನ್ನೊಬ್ಬರಿಗೂ ಅದೇ ಜಾಗದಲ್ಲಿ ಅದೇ ಕೇಳಿಸಿದರೆ ಅವರೇ ಹಿಂತಿರುಗಿ ನೋಡುತ್ತಾರೆ. ಹಾಗಾಗಿ ಗುಂಪಾಗಿ ಕೂತು ಕೇಳುವಾಗ ಎಲ್ಲರೂ ಮೊದಲು ಚೀಟಿಯಲ್ಲಿ ಬರೆದು, ಆಮೇಲೆ ಓದುವುದು ಒಳ್ಳೆಯದು. ಮೊದಲು ಮಾತಾಡಿದವರ ಅಭಿಪ್ರಾಯ ಉಳಿದವರ ಕಿವಿಗೆ ಅಂಟಿಕೊಳ್ಳುವುದು ತಪ್ಪುತ್ತದೆ.

ತಿದ್ದಿದ ಆವೃತ್ತಿ ಕಳಿಸಿದರೆ ಮತ್ತೆ ಮೊದಲಿನಿಂದ ಕೇಳಬೇಕೇ?

ಹೌದು, ಪೂರ್ತಿ, ಒಂದು ದಿನ ಬಿಟ್ಟು. ಮಂಕು ಹೋಗಲೆಂದು ಪ್ಯಾಡಿನ ಕೆಳಭಾಗ ಕತ್ತರಿಸಿದ್ದರೆ 4:35 ಸರಿಹೋಗಿ, ಆರಂಭದ ಆಳ ಹೋಗಿರಬಹುದು. ಬದಲಾದ ಜಾಗವನ್ನಷ್ಟೇ ಕೇಳಿದರೆ ಅದು ತಿಳಿಯುವುದಿಲ್ಲ. ಹಳೆಯದನ್ನೂ ಹೊಸದನ್ನೂ ಒಂದೇ ವಾಲ್ಯೂಮಿಗೆ ಹೊಂದಿಸಿಕೊಂಡು ಹೋಲಿಸಿ, ಹಳೆಯದೇ ಚೆನ್ನಾಗಿತ್ತು ಅನಿಸಿದರೆ ಅದನ್ನೂ ಹೇಳಿ. ಮೂರನೇ ಆವೃತ್ತಿ ದಾಟಿದ ಮೇಲೆ ನಿಮ್ಮ ಕಿವಿಯೂ ಆ ಟ್ರ್ಯಾಕಿಗೆ ಒಗ್ಗಿಹೋಗಿರುತ್ತದೆ. ಆಗ ಅದನ್ನು ಒಮ್ಮೆಯೂ ಕೇಳಿರದ ಇನ್ನೊಬ್ಬರಿಗೆ ಕೊಡಲು ಹೇಳಿ.